ಜಾರುಬಂಡಿಯ ಮೂಲೆ

ಅವ್ವ ಸೆಗಣಿ ಕಲಸುತ್ತಿದ್ದಳು, ನಾನು ಕೊಡದಿಂದ ನೀರು ಹೊಯ್ಯುತ್ತಿದ್ದೆ. ಸಾಕಾದಾಗ ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮೊಣಕೈ ಎತ್ತುತ್ತಿದ್ದಳು. ನಾನು ಕೊಡ ನೆಟ್ಟಗೆ ಮಾಡುತ್ತಿದ್ದೆ. ತಲೆಯ ಕಡೆಯಿಂದ ಶುರು ಮಾಡಿ ಕಾಲಿನ ಕಡೆಗೆ, ಅಂಗೈ ಅಗಲಿಸಿ, ಒಂದೂ ಬಿರುಕು ಉಳಿಯದಂತೆ ಸಾರಿಸುತ್ತ ಬರುತ್ತಿದ್ದಳು. ಕಟ್ಟೆ ದೊಡ್ಡದೇನಲ್ಲ. ಒಂದು ಎಮ್ಮೆಕರು ಮಲಗಿದರೆ ತುಂಬಿಹೋಗುವಷ್ಟು. ಅದರ ಕೆಳಗೆ ನನ್ನ ತಮ್ಮ ಲಿಂಗರಾಜ ಇದ್ದ.

ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಸ್ವಂತ ಹೊಲ ಇದ್ದವರು ಹೊಲದಲ್ಲೇ ಹೂಳುತ್ತಾರೆ. ನಮ್ಮ ಹೊಲ ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರಸ್ತೆಗೂ ರೈಲು ಹಳಿಗೂ ನಡುವೆ ಇತ್ತು. ಹಳಿಯ ಕಡೆಯ ಮೂಲೆಯಲ್ಲಿ ಒಂದು ಬೇವಿನ ಮರ, ಬೇವಿನ ಕೆಳಗೆ ಲಿಂಗು. ಪ್ರತಿ ಅಮಾವಾಸ್ಯೆ ಅವ್ವ ಹೋಗಿ ಕಟ್ಟೆ ಸಾರಿಸಿ ಎಡೆ ಇಟ್ಟು ಬರುತ್ತಿದ್ದಳು. ಸಾರಿಸುವಾಗ ಮಾತಾಡಬಾರದು ಎಂಬುದು ಅವಳೇ ಮಾಡಿಕೊಂಡ ನೇಮ. ನನಗೆ ಅದು ಕಷ್ಟವಾಗಲಿಲ್ಲ. ನಾನು ಮೊದಲೇ ಮಾತು ಕಡಿಮೆಯವಳು. ಲಿಂಗು ಹೋದ ವರ್ಷ ಅವ್ವ ಒಬ್ಬಳೇ ಇದ್ದರೆ ಒಲೆ ಹಚ್ಚುವುದನ್ನೂ ಮರೆಯುತ್ತಿದ್ದಳು, ಹಾಗಾಗಿ ಅಪ್ಪ ನನ್ನನ್ನು ಶಾಲೆ ಬಿಡಿಸಿದ. ಆಮೇಲೆ ಮಾತಾಡುವ ಪ್ರಸಂಗ ಇನ್ನೂ ಕಡಿಮೆಯಾಯಿತು.

ಲಿಂಗು ಆರು ತುಂಬುವ ಮೊದಲೇ ಜ್ವರದಲ್ಲಿ ಹೋದ. ಅದಕ್ಕೆ ಸ್ವಲ್ಪ ಮುಂಚೆ ನಾವೆಲ್ಲ ಟಿ.ಬಿ. ಡ್ಯಾಮ್ ನೋಡಲು ಹೋಗಿದ್ದೆವು. ಅವನು ನೀರು ನೋಡಲಿಲ್ಲ, ಗೇಟು ನೋಡಲಿಲ್ಲ. ಗಾರ್ಡನ್ನಿನಲ್ಲಿ ಮಕ್ಕಳ ಜಾರುಬಂಡಿ ಇತ್ತು; ಹತ್ತುವುದು, ಜಾರುವುದು, ಮತ್ತೆ ಓಡಿ ಹೋಗಿ ಸಾಲಿನಲ್ಲಿ ನಿಲ್ಲುವುದು. ಚಡ್ಡಿ ಹರಿದರೂ ಅವನಿಗೆ ಗೊತ್ತಾಗಲಿಲ್ಲ. ಬಸ್ಸು ಹೊರಡುವ ಹೊತ್ತಾದಾಗ ಅವ್ವ ರಟ್ಟೆ ಹಿಡಿದು ಎಳೆದಳು.

"ಇನ್ನೊಂದ್ಸಲ ಯವ್ವಾ! ಒಂದ ಒಂದ್ಸಲ!"

"ಮುಂದಿನ ಸಲ ಬಂದಾಗ ದಿನವೆಲ್ಲಾ ಜಾರುವಂತಿ, ನಡಿ ಜಲ್ದಿ."

ಬಸ್ಸಿನ ಬಾಗಿಲವರೆಗೂ ಅವನು ಅತ್ತ. ಆ ಮುಂದಿನ ಸಲ ಬರಲಿಲ್ಲ. ಅವ್ವ ಈ ಮಾತನ್ನು ಎಂದೂ ಎತ್ತಿದವಳಲ್ಲ. ಆದರೆ ಶೇಂಗಾ ಬಿಡಿಸುವಾಗ, ರೊಟ್ಟಿ ಬಡಿಯುವಾಗ ಅವಳ ಬಲಗೈ ಒಮ್ಮೊಮ್ಮೆ ಸುಮ್ಮನೆ ನಿಂತುಬಿಡುತ್ತಿತ್ತು. ರಟ್ಟೆ ಹಿಡಿದು ಎಳೆದ ಕೈ ಅದು.

ಕಟ್ಟೆ ಸಾರಿಸಿ ಮುಗಿಸಿ ನಾವು ಕೈ ತೊಳೆಯುತ್ತಿದ್ದ ಅಂಥದೊಂದು ಅಮಾವಾಸ್ಯೆಯ ದಿನವೇ ಕೊಟ್ರಯ್ಯನ ಜೀಪು ಹೊಲದೊಳಕ್ಕೆ ಬಂತು.

ನಮ್ಮ ಕಡೆ ಆಗ ಮಣ್ಣಿನ ಕಾಲ. ಸಂಡೂರಿನ ಗುಡ್ಡ ಕಡಿದು ತೆಗೆದ ಕೆಂಪು ಅದಿರನ್ನು ಹೇರಿಕೊಂಡು ಟಿಪ್ಪರುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡಂತೆ ಹೋಗುತ್ತಿದ್ದವು. ಅದೆಲ್ಲ ಚೀನಾಕ್ಕೆ ಹೋಗುತ್ತದೆ ಎನ್ನುತ್ತಿದ್ದರು. ರಸ್ತೆ ಬದಿಯ ಹುಣಸೆ ಮರ, ಗುಡಿಯ ಗೋಡೆ, ನಾಯಿ, ಒಣಹಾಕಿದ ಸೀರೆ ಎಲ್ಲಕ್ಕೂ ಒಂದೇ ಬಣ್ಣ ಬಂದಿತ್ತು. ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವರು ಜೀಪು ತಂದರು. ಹಾಗೆ ತಂದವರಲ್ಲಿ ಕೊಟ್ರಯ್ಯ ಒಬ್ಬ. ನಮ್ಮ ಊರಿನವನೇ, ಹೊಸಪೇಟೆಯಲ್ಲಿ ಮನೆ ಮಾಡಿ, ಹೊಲ ಕೊಡಿಸುವ ಬಿಡಿಸುವ ಕೆಲಸ ಹಿಡಿದಿದ್ದ. ಅಂಗಿ ಜೇಬಿನಲ್ಲಿ ಮೊಬೈಲು. ಉತ್ತರ ಕೊಡಲು ಮನಸ್ಸಿಲ್ಲದಾಗ ಅದನ್ನು ತೆಗೆದು ಕಿವಿಗೆ ಹಿಡಿಯುತ್ತಿದ್ದ. ಅದು ರಿಂಗಾಗದೆ ಇದ್ದಾಗಲೂ ಹಿಡಿಯುತ್ತಿದ್ದುದನ್ನು ನಾನು ನೋಡಿದ್ದೆ.

"ಜಂಬಯ್ಯ ಮಾವಾ, ನಿನ್ನ ನಸೀಬು ತೆರೀತಪ್ಪಾ" ಎಂದು ದೂರದಿಂದಲೇ ಕೂಗಿದ. "ಇಲ್ಲಿ ಪಾರ್ಕ್ ಬರ್ತೈತಿ!"

ಅಪ್ಪ ಕುಂಟೆ ನಿಲ್ಲಿಸಿ ಬಂದ. "ಎಂಥಾ ಪಾರ್ಕಲೇ?"

"ಆಟದ ಪಾರ್ಕ್. ದೊಡ್ಡ ಸಾಹೇಬ್ರು ಕಟ್ಟಿಸ್ತಾರ. ಮುಗಿಲಿಗೆ ಮುಟ್ಟೋ ತೊಟ್ಲ. ಮ್ಯಾಲಿಂದ ನೀರಾಗ ಬಂದು ದುಬುಕ್ ಅಂತ ಬೀಳೋ ರೈಲು. ಸಾಲಿಗೆ ಸಿಮೆಂಟಿನ ಆನಿ, ಸೊಂಡ್ಲಾಗಿಂದ ಕಾರಂಜಿ. ಹಂಪಿ ನೋಡಾಕ ಬರ್ತಾರಲ್ಲ ಮಂದಿ, ಅವರೆಲ್ಲಾ ಇಲ್ಲಿಗೇ ಬರೋದು. ಹಂಪ್ಯಾಗ ಏನೈತಿ ಮಾವಾ? ಎಲ್ಲಾ ಬಿದ್ದದ್ದು. ಇಲ್ಲಿ ಎಲ್ಲಾ ಎದ್ದು ನಿಂತದ್ದು!"

ತನ್ನ ಮಾತಿಗೆ ತಾನೇ ನಕ್ಕ. ಅಪ್ಪ ನಗಲಿಲ್ಲ. ಬೇವಿನ ಕಡೆ ಕೈ ತೋರಿಸಿ, "ನನ್ನ ಮಗ ಅಲ್ಲಿ ಮಲಗ್ಯಾನ. ಮಗನ್ನ ಮಾರ್ಕೊಂಡು ಉಣ್ಣೋ ಕಾಲ ಇನ್ನಾ ಬಂದಿಲ್ಲ ನನಗ" ಎಂದ. ಎತ್ತಿನ ಹಗ್ಗ ಹಿಡಿದು ತಿರುಗಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜೀಪಿನ ಹತ್ತಿರ ಹೋದಳು. "ಕೊಟ್ರಣ್ಣಾ, ಈ ಬೇವಿನ ಗಿಡದ ಹತ್ರ ಏನು ಬರ್ತೈತಿ?"

ಕೊಟ್ರಯ್ಯ ಜೀಪಿನ ಮೂತಿಯ ಮೇಲೆ ಒಂದು ದೊಡ್ಡ ಹಾಳೆ ಹರಡಿದ. ಅದರ ತುಂಬ ನೀಲಿ ಗೆರೆಗಳು. ಗಾಳಿ ಜೋರಾಗಿತ್ತು, ಹಾಳೆ ಪಟಪಟ ಎದ್ದೆದ್ದು ಬೀಳುತ್ತಿತ್ತು. ಅವನು ಅವ್ವನನ್ನು ನೋಡಿದ, ಅವಳ ಕೈಗೆ ಅಂಟಿದ್ದ ಸೆಗಣಿ ನೋಡಿದ, ಬೇವಿನ ಕೆಳಗಿನ ಹಸಿ ಕಟ್ಟೆ ನೋಡಿದ. ಆಮೇಲೆ ಹಾಳೆಯ ಮೂಲೆಯಲ್ಲಿ ಬೆರಳು ಒತ್ತಿದ.

"ಇಲ್ನೋಡಕ್ಕಾ. ಇದು ಸಣ್ಣ ಹುಡುಗ್ರ ಜಾಗ. ಜೋಕಾಲಿ, ಜಾರುಬಂಡಿ, ಎಲ್ಲಾ ಇಲ್ಲೇ."

"ಜಾರುಬಂಡಿ?"

"ಒಂದಲ್ಲಕ್ಕಾ! ಅದಕ್ಕಂತ ಒಂದು ಗುಡ್ಡಾನೇ ಮಾಡ್ತಾರ. ಗುಡ್ಡದ ಮ್ಯಾಲಿಂದ ಜಾರೋದು. ಮಸ್ತ್ ಇರ್ತೈತಿ."

ಆ ಬೆರಳು ಜಾಗ ತೋರಿಸುತ್ತಿತ್ತೋ, ಹಾಳೆ ಹಾರಿಹೋಗದಂತೆ ಒತ್ತಿ ಹಿಡಿದಿತ್ತೋ ನನಗೆ ತಿಳಿಯಲಿಲ್ಲ. ಅವ್ವನಿಗೆ ಸಂದೇಹವೇ ಬರಲಿಲ್ಲ. ಅವಳು ಬಗ್ಗಿ ಆ ಬೆರಳಿನ ತುದಿಯನ್ನೇ ನೋಡುತ್ತಿದ್ದಳು, ಅದರ ಕೆಳಗೆ ಯಾರೋ ಕಾಣಿಸುತ್ತಿರುವವರ ಹಾಗೆ.

ಮನೆಯಲ್ಲಿ ವಾರವೆಲ್ಲ ಅದೇ ಮಾತು ನಡೆಯಿತು. ನಾನು ಒಲೆಯ ಮುಂದೆ ಕುಳಿತು ಕೇಳುತ್ತಿದ್ದೆ.

"ನಿನಗೇನು ತಲಿಗಿಲಿ ಕೆಟ್ಟೈತೇನಲೇ?" ಎಂದ ಅಪ್ಪ. "ಹೊಲಾನೂ ಕೊಟ್ಟು, ಅದರಾಗ ಮಲಗಿದ ಹುಡುಗನ್ನೂ ಕೊಡಂತಿ?"

"ಕೊಡದಲ್ಲರೀ. ಅವನ ಮ್ಯಾಲೆ ಇಷ್ಟು ದಿನ ಏನಿತ್ತು? ಜ್ವಾಳ ಇತ್ತು. ಶೇಂಗಾ ಇತ್ತು. ಒಬ್ನೇ ಅದಾನ. ಹಗಲೆಲ್ಲಾ ಗೂಡ್ಸ್ ಗಾಡಿ ಸಪ್ಪಳ ಕೇಳ್ಕೊಂತ ಬಿದ್ದಾನ. ಹುಡುಗ್ರು ಬರ್ತಾವ, ಆಡ್ತಾವ, ನಗ್ತಾವ. ಅವಂಗ ಜೊತಿ ಆಗ್ತೈತಿ."

"ಸತ್ತವರಿಗೆ ಎಂಥಾ ಜೊತಿ?"

"ಹಂಗಾರ ಎಡಿ ಯಾಕಿಡ್ತೀವಿ?"

ಸುತ್ತಲಿನ ಹೊಲದವರೆಲ್ಲ ಒಬ್ಬೊಬ್ಬರಾಗಿ ಒಪ್ಪಿಕೊಂಡಿದ್ದರು. ನಮ್ಮದೊಂದು ಉಳಿದರೆ ಹೋಗಲು ದಾರಿಯೂ ಇರುವುದಿಲ್ಲ ಎಂದು ಕೊಟ್ರಯ್ಯ ಬಂದು ಮೆಲ್ಲಗೆ ಹೇಳಿದ. ಪಾರ್ಕಿನಲ್ಲಿ ಅಪ್ಪನಿಗೆ ಗಾರ್ಡ್ ಕೆಲಸ ಕೊಡಿಸುತ್ತೇನೆ ಎಂದ, ನನ್ನ ಕಡೆ ನೋಡಿ, "ಈ ಹುಡುಗೀನ್ನ ಗೇಟಿನಾಗ ನಿಲ್ಲಸಾಣ. ರಾಣಿ ದಾಸಿ ಇರ್ತಾರಲ್ಲ, ಹಂಗ ಸೀರಿ ಉಡಿಸಿ, ಬಂದೋರಿಗೆ ಹೂ ಕೊಡೋದು. ಬರ್ರಿ ಅನ್ನೋದು, ಅಷ್ಟ" ಎಂದ. ನಾನು ಅಡುಗೆ ಮನೆಯ ಬಾಗಿಲ ಹಿಂದಕ್ಕೆ ಸರಿದೆ.

ಅಪ್ಪ ಒಪ್ಪಿದ. ಕೊಟ್ರಯ್ಯ ಇನ್ನೊಂದು ಮಾತು ಸೇರಿಸಿದ. ಅಳತೆಗೆ ದೊಡ್ಡವರು ಬರುವ ಮೊದಲು ಕಟ್ಟೆ ನೆಲಕ್ಕೆ ಸಮ ಆಗಬೇಕು. "ಆಟದ ಜಾಗ ನೋಡ್ರಿ, ಗೋರಿ ಕಂಡ್ರ ಅಪಶಕುನ ಅಂತ ಹಿಂದ ಸರೀತಾರ."

"ಗಿಡ ಮಾತ್ರ ಕಡೀಬಾರ್ದು" ಎಂದಳು ಅವ್ವ.

"ಏ, ಗಿಡ ಯಾಕ ಕಡೀತಾರಕ್ಕಾ? ಅದರ ಸುತ್ತ ಸಿಮೆಂಟಿನ ಕಟ್ಟಿ ಹಾಕಸ್ತಾರ. ಹುಡುಗ್ರು ಆಡೋತನಕ ತಾಯಂದ್ರು ಕುಂದ್ರಾಕ ಬೇಕಲ್ಲ?"

ಕಟ್ಟೆಯನ್ನು ಅವ್ವ ಬೇರೆಯವರ ಕೈಗೆ ಕೊಡಲಿಲ್ಲ. ಅಪ್ಪ ಗುದ್ದಲಿ ತಂದರೆ ಬೇಡವೆಂದಳು. ಸುತ್ತ ನೀರು ಹೊಯ್ದು, ಮಣ್ಣು ಮೆತ್ತಗಾದ ಮೇಲೆ ಕೈಯಿಂದಲೇ ಬಿಡಿಸಿದಳು. ನಾನೂ ಬಿಡಿಸಿದೆ. ವರ್ಷಗಳ ಸೆಗಣಿ ಪದರು ಪದರಾಗಿ, ರೊಟ್ಟಿಯ ಹಾಗೆ ಎದ್ದು ಬರುತ್ತಿತ್ತು. ಮುಗಿದಾಗ ಅಲ್ಲಿ ಬರೀ ನೆಲ ಇತ್ತು. ಅವ್ವ ಬೇವಿನ ಬೊಡ್ಡೆಗೆ ಕೈ ಹಚ್ಚಿ, "ಇದು ಐತಲ್ಲ ಗುರ್ತಿಗೆ" ಎಂದಳು. ಅಂದು ಅವಳು ನೇಮ ಮುರಿದು ಮಾತಾಡಿದ್ದಳು.

ಆಮೇಲಿನ ದಿನಗಳು ನಮ್ಮ ಊರಿಗೆ ಮತ್ತೆ ಬರಲಾರದಂಥ ದಿನಗಳು. ರಸ್ತೆಯ ಪಕ್ಕ ಮನೆಯಷ್ಟು ಎತ್ತರದ ಬೋರ್ಡು ನಿಲ್ಲಿಸಿದರು. ಬೋರ್ಡಿನ ಮೇಲೆ ತೊಟ್ಟಿಲು, ಆನೆ, ಕಲ್ಲಿನ ಮಂಟಪ, ಕೆಳಗಿನ ತುದಿಯಲ್ಲಿ ಜಾರುಬಂಡಿಯಿಂದ ಜಾರುತ್ತಿರುವ ಒಬ್ಬ ಗುಂಗುರು ಕೂದಲಿನ ಹುಡುಗ. ಟಿಪ್ಪರ್ ಚಾಲಕರು ಅದನ್ನು ನೋಡಲು ಗಾಡಿ ನಿಧಾನ ಮಾಡುತ್ತಿದ್ದರು. ಅವ್ವ ಸಂಜೆ ನೀರಿಗೆ ಹೋಗುವ ನೆಪದಲ್ಲಿ ಅಲ್ಲಿ ಹೋಗಿ ನಿಲ್ಲುತ್ತಿದ್ದಳು.

ಪಕ್ಕದ ಮನೆಯ ಹುಸೇನಮ್ಮ ಗೇಟಿನ ಮುಂದೆ ಮಿರ್ಚಿ ಅಂಗಡಿ ಇಡುವುದಾಗಿ ಎಲ್ಲರಿಗಿಂತ ಮೊದಲೇ ಸಾರಿಬಿಟ್ಟಳು. ದೊಡ್ಡ ಬಾಣಲೆಯನ್ನೂ ಕೊಂಡು ತಂದು, ಬೂದಿ ಹಚ್ಚಿ ಉಜ್ಜಿ, ಗೋಡೆಗೆ ಒರಗಿಸಿಟ್ಟಳು.

"ಯಾಕಬೇ ಹುಸೇನಮ್ಮ, ಇನ್ನಾ ಬುನಾದಿ ತೋಡಿಲ್ಲ, ನೀ ಎಣ್ಣಿ ಕಾಸಾಕ ನಿಂತಿ?" ಎಂದು ಊರ ಕಟ್ಟೆಯ ಮೇಲೆ ಕುಳಿತವರು ಕೆಣಕುತ್ತಿದ್ದರು.

"ನೀವು ತೊಟ್ಲದಾಗ ಕುಂತು ವಾಂತಿ ಮಾಡ್ಕೊಂಡು ಕೆಳಗ ಇಳೀತೀರಲ್ಲ, ಆಗ ಖಾರ ಬೇಕಂತ ನನ್ನ ಕಡೀಗೇ ಬರ್ತೀರಿ. ಆಗ ಕೊಡಂಗಿಲ್ಲ ನಾ, ಸಾಲಿಗೆ ನಿಲ್ಲಸ್ತೀನಿ!"

ನನ್ನನ್ನು ಕಂಡರೆ ಬಿಡುತ್ತಿರಲಿಲ್ಲ. "ಏ ದೇವಿ, ಗೇಟಿನಾಗ ನಿಂತು ಹಿಂಗ ನೆಲ ನೋಡ್ಕೊಂತ ನಿಂತ್ರ ಬಂದೋರು ಏನೋ ಕಳಕೊಂಡೈತಿ ಪಾಪ ಅಂತ ಹುಡುಕಾಕ ಹತ್ತತಾರ. ಬರ್ರಿ ಅನ್ನು. ಬಾಯಿ ತೆಗಿ."

ನಾನು ಬಾಯಿ ತೆರೆಯುತ್ತಿರಲಿಲ್ಲ. ಆದರೆ ಕೊಟ್ಟಿಗೆಯಲ್ಲಿ ಯಾರೂ ಇಲ್ಲದಾಗ ಎಮ್ಮೆಯ ಮುಂದೆ ನಿಂತು "ಬರ್ರಿ, ಬರ್ರಿ" ಎಂದು ಅಭ್ಯಾಸ ಮಾಡುತ್ತಿದ್ದೆ. ಎಮ್ಮೆ ಮೆಲುಕು ಹಾಕುತ್ತ ಕೇಳುತ್ತಿತ್ತು. ಹೊರಗಿನಿಂದ ಬಂದ ಒಂದು ಮಗುವಿನ ಕೈಗೆ ಹೂ ಕೊಟ್ಟು, ಆ ಮಗು ಜಾರುಬಂಡಿಯ ಮೂಲೆಗೆ ಓಡಿಹೋಗುವುದನ್ನು ನೋಡುವುದು ಹೇಗಿರುತ್ತದೆ ಎಂದು ಯೋಚಿಸುತ್ತಿದ್ದೆ. ಅಲ್ಲಿ ಅದರ ಕಾಲ ಕೆಳಗೆ ಯಾರಿದ್ದಾನೆ ಎಂಬುದು ನಮಗೆ ಮಾತ್ರ ಗೊತ್ತಿರುತ್ತದೆ. ಅದು ನನಗೆ ಕೆಟ್ಟದ್ದೆನಿಸಲಿಲ್ಲ.

ಭೂಮಿಪೂಜೆಯ ದಿನ ಶಾಮಿಯಾನ, ಬ್ಯಾಂಡು, ಬುಟ್ಟಿಗಟ್ಟಲೆ ಲಾಡು. ಮಕ್ಕಳಿಗೆಲ್ಲ ಬಲೂನು ಹಂಚಿದರು. ಅವ್ವ ಮಕ್ಕಳ ಸಾಲಿನಲ್ಲಿ ನಿಂತು ಒಂದು ಬಲೂನು ಇಸಿದುಕೊಂಡಳು. ಹಂಚುವವನು ನಕ್ಕು, "ನಿನಗ್ಯಾಕಬೇ?" ಎಂದ. "ನನ್ನ ಮಗಂಗ" ಎಂದಳು. ಒಯ್ದು ಬೇವಿನ ಕೊಂಬೆಗೆ ಕಟ್ಟಿದಳು. ಅದು ಹಳದಿ ಬಲೂನು. ಮಾರನೆಯ ದಿನಕ್ಕೆ ಕುಗ್ಗಿ ಬೇವಿನ ಹಣ್ಣಿನಂತಾಯಿತು.

ಅಪ್ಪನಿಗೆ ನೀಲಿ ಅಂಗಿ, ಸೀಟಿ, ಕೋಲು ಕೊಟ್ಟರು. ಮುಳ್ಳುತಂತಿಯ ಬೇಲಿ ಬಂತು, ಗೇಟು ಬಂತು. ತನ್ನದೇ ಹೊಲದ ಬಾಗಿಲಲ್ಲಿ ಅಪ್ಪ ಸ್ಟೂಲ್ ಹಾಕಿಕೊಂಡು ಕುಳಿತ. ಅಷ್ಟೇ. ಮತ್ತೇನೂ ಬರಲಿಲ್ಲ.

ಮಳೆಗಾಲ ಹೋಯಿತು, ಉಗಾದಿ ಹೋಯಿತು. ಉಳದೆ ಬಿಟ್ಟ ಹೊಲದಲ್ಲಿ ಜಾಲಿ ಎದ್ದಿತು. ಅಮಾವಾಸ್ಯೆಗೆ ಅಪ್ಪ ಗೇಟು ತೆಗೆಯುತ್ತಿದ್ದ, ಅವ್ವ ಬೇವಿನ ಕೆಳಗೆ ಎಡೆ ಇಟ್ಟು, ಬರಿಯ ನೆಲವನ್ನೇ ಅಂಗೈಯಷ್ಟು ಸಾರಿಸಿ ಬರುತ್ತಿದ್ದಳು. "ದೊಡ್ಡ ಕೆಲಸ, ತಡಾ ಆಗ್ತೈತಿ" ಎನ್ನುತ್ತಿದ್ದಳು. ಬೋರ್ಡಿನ ಬಣ್ಣ ಬಿಸಿಲಿಗೆ ಇಳಿಯಿತು. ಮೊದಲು ಆನೆ, ಆಮೇಲೆ ತೊಟ್ಟಿಲು. ಒಂದು ದಿನದ ಬಿರುಗಾಳಿಗೆ ಇಡೀ ಹಾಳೆ ಹರಿದು ರಸ್ತೆಗೆ ಬಿತ್ತು. ಹುಸೇನಮ್ಮ ಅದನ್ನು ಎಳೆದು ತಂದು ಆಡಿನ ಕೊಟ್ಟಿಗೆಗೆ ಹೊದಿಸಿದಳು. ಜಾರುವ ಹುಡುಗ ತಲೆಕೆಳಗಾಗಿ ನಮ್ಮ ಅಂಗಳದ ಕಡೆ ಮುಖ ಮಾಡಿದ.

"ಅವನ್ನ ನೆಟ್ಟಗ ಮಾಡಬೇ" ಎಂದಳು ಅವ್ವ.

ಹುಸೇನಮ್ಮ ಅವ್ವನ ಮುಖ ನೋಡಿದಳು. ಏಣಿ ಹಾಕಿ, ಕಟ್ಟಿದ ಹಗ್ಗ ಬಿಚ್ಚಿ, ಹಾಳೆಯನ್ನು ತಿರುಗಿಸಿ ಕಟ್ಟಿದಳು.

ಆಮೇಲೆ ಒಂದು ಬೆಳಿಗ್ಗೆ ರಸ್ತೆಯಲ್ಲಿ ಹೋಗುತ್ತಿದ್ದ ಟಿಪ್ಪರುಗಳಲ್ಲಿ ಒಂದು ನಮ್ಮ ಹೊಲದ ಗೇಟಿನತ್ತ ತಿರುಗಿತು. ಅದರ ಹಿಂದೆ ಇನ್ನೊಂದು. ಅಪ್ಪ ಸೀಟಿ ಊದಿದ. ಅವರು ಕೊಟ್ರಯ್ಯನ ಹೆಸರು ಹೇಳಿದರು. ಸಂಜೆಯ ಹೊತ್ತಿಗೆ ರಸ್ತೆಯ ಪಕ್ಕ ಕೆಂಪು ಅದಿರಿನ ಗುಡ್ಡೆ ಬಿದ್ದಿತ್ತು.

ಕೊಟ್ರಯ್ಯ ಬಂದು, "ಸ್ವಲ್ಪ ದಿನದ ಮಾತು ಮಾವಾ" ಎಂದ. "ರೈಲಿಗೆ ಹೇರಾಕ ಜಾಗ ಸಾಲವಲ್ದು. ಇಲ್ಲಿ ಇಟ್ಕೊಂಡು ಹೇರ್ತಾರ. ಪಾರ್ಕ್ ಎಲ್ಲಿಗೆ ಹೋಗ್ತೈತಿ? ಮಾರ್ಕೆಟ್ ಇದ್ದಾಗ ಮಣ್ಣು, ಆಮ್ಯಾಲೆ ಪಾರ್ಕು."

ಗುಡ್ಡೆ ಒಂದಿದ್ದದ್ದು ಸಾಲಾದವು. ಲೋಡರುಗಳು ಬಂದವು, ಲಾರಿ ತೂಗುವ ತೂಕದ ಕಟ್ಟೆ ಬಂತು. ಊರಿನಲ್ಲಿ ಎಲ್ಲರಿಗೂ ಅರ್ಥವಾಯಿತು. ಹುಸೇನಮ್ಮನ ಬಾಣಲೆಯಲ್ಲಿ ಆಡು ನೀರು ಕುಡಿಯತೊಡಗಿತು. ಅರ್ಥವಾಗದವಳು ಅವ್ವ ಒಬ್ಬಳೇ. ಅವಳು ಬೇಲಿಯ ಹೊರಗೆ ನಿಂತು ನೋಡಿ ಬಂದು, ಬೋರ್‌ವೆಲ್ ಹತ್ತಿರ ಕೊಡ ಇಟ್ಟುಕೊಂಡು ನಿಂತವರಿಗೆಲ್ಲ ಹೇಳಿದಳು:

"ಗುಡ್ಡ ಮಾಡಾಕತ್ಯಾರ. ಜಾರುಬಂಡಿಗೆ ಗುಡ್ಡ ಬೇಕಲ್ಲ? ಅವತ್ತೇ ಅಂದಿದ್ದ ಕೊಟ್ರಣ್ಣ."

ಒಬ್ಬಳು ಕಿಸಕ್ಕನೆ ನಕ್ಕಳು. "ತಾಯಕ್ಕಾ, ಹಂಗಾರ ಮೊದಲ್ನೇ ಟಿಕೀಟ್ ನಿಂದೇ. ನೀನೇ ಜಾರಿ ತೋರಿಸು."

"ನಾನ್ಯಾಕ ಜಾರ್ಲಿ?" ಎಂದಳು ಅವ್ವ ಗಂಭೀರವಾಗಿ. "ನಾ ಬೇವಿನ ಕಟ್ಟಿ ಮ್ಯಾಲೆ ಕುಂದ್ರಾಕಿ."

ಹುಸೇನಮ್ಮ ತನ್ನ ಸರದಿ ಬಿಟ್ಟುಕೊಟ್ಟು ಅವ್ವನ ಕೊಡ ತಾನೇ ತುಂಬಿ ಎತ್ತಿಕೊಟ್ಟಳು.

ಈಗ ಒಳಗೆ ಬಿಡುತ್ತಿರಲಿಲ್ಲ. ಹೆಂಗಸರು ಮಕ್ಕಳು ಲೋಡರಿನ ಅಡಿಗೆ ಸಿಕ್ಕರೆ ಯಾರು ಹೊಣೆ ಎಂದು ಅಪ್ಪನಿಗೆ ಮೇಲಿನವರು ಗದರಿಸಿದ್ದರು. ಅವ್ವ ಅಮಾವಾಸ್ಯೆಗೆ ಬೇಲಿಯ ಹೊರಗೆ ನಿಂತು ಬೇವಿನ ತಲೆ ಕಾಣುವ ಕಡೆ ಮುಖ ಮಾಡಿ ಎಡೆ ಇಟ್ಟು ಬರುತ್ತಿದ್ದಳು. ಗುಡ್ಡೆಗಳು ಬೆಳೆದಂತೆ ಆ ತಲೆಯೂ ಕಾಣದಾಯಿತು. ಅದು ಗುಡ್ಡೆಯ ಹಿಂದೆ ಇದೆ ಎಂದು ಅವಳ ನಂಬಿಕೆ.

ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದವಳು ನಾನು. ಗೇಟಿನ ಬಳಿ ಕೊಟ್ಟು ಹಿಂದಿರುಗುತ್ತಿದ್ದೆ. ಒಂದು ಮಧ್ಯಾಹ್ನ ಅಪ್ಪ ಸ್ಟೂಲಿನ ಮೇಲೆ ಇರಲಿಲ್ಲ. ಗೇಟು ತೆರೆದೇ ಇತ್ತು. ಗುಡ್ಡೆಗಳ ನಡುವೆ ಹಾದು ಹಳಿಯ ಕಡೆಗೆ ನಡೆದೆ.

ಅಲ್ಲಿ ಬೇವಿನ ಮರ ಬಿದ್ದಿತ್ತು. ಬೇರು ಮೇಲೆ ಮಾಡಿ, ಬದಿಗೆ ತಳ್ಳಿ ಹಾಕಿದ್ದರು. ಮೂಲೆಯಲ್ಲಿ ನೆಲವೇ ಇರಲಿಲ್ಲ. ಹಳಿಯ ಪಕ್ಕ ಲಾರಿ ನಿಲ್ಲುವ ದಿಬ್ಬ ಎತ್ತರಿಸಲು ಮಣ್ಣು ಬೇಕಾಗಿತ್ತಂತೆ. ದೂರದಿಂದ ತರುವುದೇಕೆ ಎಂದು ಅಲ್ಲಿಂದಲೇ ತೋಡಿದ್ದರು. ಆಳುದ್ದಕ್ಕಿಂತ ಆಳದ ಹೊಂಡ. ಒಂದು ಟಿಪ್ಪರು ತುಂಬಿ ಹೋಗುತ್ತಿತ್ತು, ಇನ್ನೊಂದು ಬರುತ್ತಿತ್ತು. ಹೊಂಡದ ಅಂಚಿನಲ್ಲಿ ಅಪ್ಪ ಮೊಣಕಾಲೂರಿ ಕುಳಿತಿದ್ದ. ನೀಲಿ ಅಂಗಿಯ ತೋಳು ಮಡಚಿ ಎರಡೂ ಕೈಗಳಿಂದ ಮಣ್ಣು ಕೆದಕುತ್ತಿದ್ದ. ಕೆದಕುವುದು, ಮೂಗಿನ ಹತ್ತಿರ ಹಿಡಿದು ನೋಡುವುದು, ಬಿಡುವುದು.

ನನ್ನನ್ನು ಕಂಡು ಎದ್ದ. "ಬೆಳಿಗ್ಗಿಂದ ತೋಡ್ಯಾರ" ಎಂದ. "ನಾ ಗೇಟಿನಾಗ ಇದ್ದೆ. ಗುಡ್ಡಿ ಅಡ್ಡ ಇತ್ತು, ಕಾಣಲಿಲ್ಲ. ಓಡಿ ಬರೋಷ್ಟರಾಗ…"

ದಿಬ್ಬದ ಕಡೆ ನೋಡಿದ. ಅಲ್ಲಿ ಹಾಕಿದ ಮಣ್ಣನ್ನು ಒಂದು ರೋಲರು ಹೋಗಿ ಬಂದು ಹೋಗಿ ಬಂದು ಅದುಮುತ್ತಿತ್ತು.

"ಏನೂ ಸಿಗಲಿಲ್ಲ. ಮಣ್ಣೆಲ್ಲಾ ಒಂದೇ ಥರ ಐತಿ." ಕೈಯ ಮಣ್ಣನ್ನು ಅಂಗಿಗೆ ಒರೆಸಿಕೊಂಡು, "ನಿಮ್ಮವ್ವಗ ಹೇಳಬ್ಯಾಡ ಮಗಳೇ" ಎಂದ. ಅಪ್ಪ ನನ್ನನ್ನು ಬೇಡಿಕೊಂಡಂತೆ ಮಾತಾಡಿದ್ದು ಅದೊಂದೇ ಸಲ.

ಬುತ್ತಿಯನ್ನು ಅಪ್ಪ ಬಿಚ್ಚಲಿಲ್ಲ. ಕೆಲವೇ ದಿನಗಳಲ್ಲಿ ಆ ಹೊಂಡಕ್ಕೆ ಅದಿರಿನ ಪುಡಿ ತುಂಬಿ ಮಟ್ಟ ಮಾಡಿ, ಅದರ ಮೇಲೂ ಗುಡ್ಡೆ ಹಾಕಿದರು. ನಾನು ಅವ್ವನಿಗೆ ಹೇಳಲಿಲ್ಲ. ರಾಶಿ ರಾಶಿ ಹೇಳದ ಮಾತುಗಳು ನನ್ನಲ್ಲಿ ಮೊದಲೇ ಇದ್ದವು. ಅವುಗಳ ನಡುವೆ ಇದೂ ಇರಲಿ ಎಂದುಕೊಂಡೆ. ಆದರೆ ಇದು ಉಳಿದವುಗಳ ಹಾಗೆ ಇರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ ಬೇವಿನ ಕಟ್ಟೆಯ ಮಾತು ತೆಗೆದಾಗಲೆಲ್ಲ ನಾನು ಎದ್ದು ಹೊರಗೆ ಹೋಗಬೇಕಾಗುತ್ತಿತ್ತು.

ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಭೂಮಿತಾಯಿಗೆಂದು ಚರಗ ಚೆಲ್ಲುವ ಹಬ್ಬ. ಹೊಲ ಕೊಟ್ಟ ಮೇಲೆ ಊರಲ್ಲಿ ಬಹಳ ಮನೆಗಳು ಅದನ್ನು ಬಿಟ್ಟಿದ್ದವು. ಅವ್ವ ಮಾತ್ರ ಅಂದು ಎದ್ದವಳೇ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದಳು, ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿದಳು. ಲಿಂಗು ಇಷ್ಟಪಡುತ್ತಿದ್ದ ಬೆಲ್ಲದ ಕಡುಬನ್ನು ಬೇರೆ ಸಣ್ಣ ಡಬ್ಬಿಯಲ್ಲಿ ಹಾಕಿದಳು.

"ಇವತ್ತು ಒಳಗ ಹೋಗೇ ಬರ್ತೀನಿ" ಎಂದಳು. "ಬೇಲಿ ಹೊರಗಿಂದ ಇಟ್ರ ಅವಂಗ ಎಲ್ಲಿ ಮುಟ್ತೈತಿ? ನಡಿ."

ಬುಟ್ಟಿ ಅವಳ ತಲೆಯ ಮೇಲೆ, ನೀರಿನ ತಂಬಿಗೆ ನನ್ನ ಕೈಯಲ್ಲಿ. ರಸ್ತೆಯ ಧೂಳಿಗೆ ಅವಳು ಬುಟ್ಟಿಯ ಮೇಲೆ ಎರಡು ಪದರು ಬಟ್ಟೆ ಮುಚ್ಚಿದ್ದಳು. ನಾನು ದಾರಿಯುದ್ದಕ್ಕೂ ಬಾಯಿ ತೆರೆದೆ, ಮುಚ್ಚಿದೆ.

ಗೇಟಿನಲ್ಲಿ ಅಪ್ಪ ಎದ್ದು ನಿಂತ. ಅವ್ವನನ್ನು ನೋಡಿದ, ಬುಟ್ಟಿ ನೋಡಿದ, ನನ್ನನ್ನು ನೋಡಿದ. ನಾನು ತಲೆ ಅಲ್ಲಾಡಿಸಿದೆ, ಹೇಳಿಲ್ಲ ಎಂದು. ಬಿಡುವುದಿಲ್ಲ ಎಂದು ಅಪ್ಪ ಹೇಳಬಹುದಿತ್ತು. ಹಾಗೆ ಹೇಳಲೆಂದೇ ಅವನಿಗೆ ಆ ಅಂಗಿ ಕೊಟ್ಟಿದ್ದರು. ಆದರೆ ಅವನು ಗೇಟು ತೆಗೆದು ನಮ್ಮ ಹಿಂದೆಯೇ ಬಂದ.

ಹಬ್ಬವೆಂದು ಲೋಡರುಗಳು ನಿಂತಿದ್ದವು. ಅವುಗಳ ಹುಡುಗರು ನೆರಳಿನಲ್ಲಿ ಕುಳಿತು ಊಟ ಮಾಡುತ್ತಿದ್ದರು. ತೂಕದ ಕಟ್ಟೆಯ ಬಳಿ ತಗಡಿನ ಶೆಡ್ಡಿನಲ್ಲಿ ಕೊಟ್ರಯ್ಯ ಕುರ್ಚಿ ಹಾಕಿಕೊಂಡಿದ್ದ. ಈಗ ಆ ಯಾರ್ಡಿನ ಉಸ್ತುವಾರಿ ಅವನದೇ. ನಮ್ಮನ್ನು ನೋಡಿ ಎದ್ದು ನಾಲ್ಕು ಹೆಜ್ಜೆ ಬಂದು ನಿಂತ.

ಗುಡ್ಡೆಗಳು ಎಲ್ಲ ಕಡೆ ಇದ್ದವು. ಒಂದೇ ಎತ್ತರ, ಒಂದೇ ಬಣ್ಣ, ನಡುವೆ ಗಾಡಿ ಹೋಗುವ ಓಣಿಗಳು. ಅವ್ವ ಒಂದು ಓಣಿಯಲ್ಲಿ ಹೋದಳು, ತಿರುಗಿ ಬಂದಳು, ಇನ್ನೊಂದರಲ್ಲಿ ಹೋದಳು. ಹಳಿ ಯಾವ ಕಡೆ ಎಂದು ನೋಡಿದರೆ ಅಲ್ಲಿ ಎತ್ತರದ ದಿಬ್ಬ ಅಡ್ಡ ಇತ್ತು. ಮಗಳು ಮೊದಲ ಹೆಜ್ಜೆ ಇಟ್ಟ ಹೊಲ, ಮಗನನ್ನು ಇಟ್ಟ ಹೊಲ; ಅವಳು ದಾರಿ ತಪ್ಪಿದವಳಂತೆ ಬುಟ್ಟಿ ಹೊತ್ತುಕೊಂಡು ಸುತ್ತಿದಳು. ಅವಳ ಅಂಗಾಲುಗಳು, ಸೀರೆಯ ಅಂಚು ಕೆಂಪಾದವು.

"ಗಿಡ ಎಲ್ರೀ?" ಎಂದು ಅಪ್ಪನನ್ನು ಕೇಳಿದಳು.

"ಕಡದ್ರು."

ಅವ್ವ ಕೂಗಿ ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಬುಟ್ಟಿಯನ್ನು ಇಳಿಸಿ ನೆಲದ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಅಲ್ಲೆಲ್ಲೂ ಜಾರುಬಂಡಿಯ ಗುಡ್ಡ ಇಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಹಾಗೆಂದು ಅವಳು ಹೇಳಲಿಲ್ಲ, ಆದರೆ ನಾನು ಅವಳ ಮುಖ ನೋಡುತ್ತಿದ್ದೆ.

"ಹೋಗ್ಲಿ ಬಿಡು" ಎಂದಳು. "ಗಿಡ ಹೋದ್ರ ಹೋತು. ಪಾರ್ಕ್ ಇಲ್ದಿದ್ರ ಇಲ್ಲ. ಅವ ಇರ್ತಾನಲ್ಲ."

ಅಪ್ಪ ಕೋಲಿನ ತುದಿಯನ್ನು ನೆಲಕ್ಕೆ ಊರಿ ಅದನ್ನೇ ನೋಡುತ್ತ ನಿಂತ.

"ಕೊಟ್ರಣ್ಣಾ, ಅವತ್ತು ಹಾಳ್ಯಾಗ ಬೆರಳಿಟ್ಟು ತೋರಿಸಿದ್ಯಲ್ಲಪ್ಪಾ. ನಿನಗ ನೆನಪೈತಿ. ಎಲ್ಲಿ ಬರ್ತೈತಿ ಅದು?"

ಕೊಟ್ರಯ್ಯ ಜೇಬಿನಿಂದ ಮೊಬೈಲ್ ತೆಗೆದು ಕಿವಿಗೆ ಹಿಡಿದುಕೊಂಡ. ಅದು ರಿಂಗಾಗಿರಲಿಲ್ಲ. ಉಣ್ಣುತ್ತಿದ್ದ ಲೋಡರಿನ ಹುಡುಗರು ಕೈ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಅವ್ವ ನನ್ನ ಕಡೆ ತಿರುಗಿದಳು. ನಾನು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ನೀರು ತುಳುಕಿ ನನ್ನ ಪಾದದ ಮೇಲೆ ಬಿದ್ದು ಕೆಂಪಗೆ ಹರಿಯಿತು.

ಅವ್ವ ಬುಟ್ಟಿಯ ಬಟ್ಟೆ ಸರಿಸಿ ಕಡುಬಿನ ಡಬ್ಬಿ ಹೊರಗೆ ತೆಗೆದಳು. ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದು, ಗುಡ್ಡೆಗಳನ್ನು ಒಂದೊಂದಾಗಿ ನೋಡುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನಾ ಯಾರಿಗೂ ಏನೂ ಅನ್ನಂಗಿಲ್ಲ. ಎಡಿ ಇಟ್ಟು ಹೋಗಿಬಿಡ್ತೀನಿ. ಇದರಾಗ ಯಾವ ಗುಡ್ಡಿ ಕೆಳಗ ಅದಾನ, ಅಷ್ಟು ತೋರಿಸ್ರಿ."